ಪೈಥಾನ್ ಸ್ಲೋ ಅನ್ನೋರಿಗೆ

ಸಂಪಾದಕರೇ,

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ತುಂಬಾ ಸ್ಲೋ, ವಿಜ್ಞಾನದ ಲೆಕ್ಕಕ್ಕೆಲ್ಲ ಆಗಿಬರಲ್ಲ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಅರ್ಧ ನಿಜ ಅಷ್ಟೇ. ಹತ್ತು ಲಕ್ಷ ನಂಬರ್ ಕೂಡ್ಸೋಕೆ ಫಾರ್ ಲೂಪ್ (ಒಂದೊಂದನ್ನೇ ಸರದಿಯಲ್ಲಿ ಕೂಡ್ಸೋ ಕೋಡು) ಬರೆದ್ರೆ ಆಮೆನೇ, ಆದ್ರೆ ಅದನ್ನೇ ನಂಪೈ ಅನ್ನೋ ಪೈಥಾನ್ ಲೈಬ್ರರಿಯ ಅರೇಗೆ (ನಂಬರ್ ಪಟ್ಟಿಗೆ) ಹಾಕಿ ಒಂದೇ ಸಾಲಲ್ಲಿ ಸಮ್ ಅಂದ್ರೆ ಒಳಗೆ ಓಡೋದು ವೇಗದ ಸಿ ಭಾಷೆಯ ಕೋಡು, ಇನ್ನು ಮ್ಯಾಟ್ರಿಕ್ಸ್ ಲೆಕ್ಕದ ಲ್ಯಾಪ್ಯಾಕ್ ಲೈಬ್ರರಿ ಅಂತೂ ಮೂಲದಲ್ಲಿ ಅಂಥದ್ದೇ ವೇಗದ ಭಾಷೆ ಫೋರ್ಟ್ರಾನ್‌ನಲ್ಲೇ ಬರೆದಿದ್ದು. 2019ರಲ್ಲಿ ಬಂದ ಕಪ್ಪುಕುಳಿ ಫೋಟೋದ ಹಿಂದೆನೂ ಪೈಥಾನ್ ಇತ್ತು ಸ್ವಾಮಿ!

ನನಗೆ ಭಯ ಇರೋದು ದುಡ್ಡಿನ ಲೆಕ್ಕದಲ್ಲಿ. 0.1 + 0.2 ಅಂತ ಟೈಪ್ ಮಾಡಿ ನೋಡಿ, 0.30000000000000004 ಬರುತ್ತೆ. ಭಾಷೆ ತಪ್ಪಲ್ಲ, ಬೈನರಿ ಫ್ಲೋಟ್ (ದಶಮಾಂಶ ಸಂಖ್ಯೆನ 0, 1ರಲ್ಲಿ ಇಡೋ ವಿಧಾನ, ಕೆಲವು ಅಂದಾಜಾಗೇ ಕೂರುತ್ವೆ) ಇರೋದೇ ಹಾಗೆ, ಜಾವಾದಲ್ಲೂ ಇದೇ ಕಥೆ. ಬಡ್ಡಿ ಲೆಕ್ಕದ ಸ್ಕ್ರಿಪ್ಟ್ ಒಂದರಲ್ಲಿ ಕೊನೇ ಅಂಕಿ ಯಾಕೆ ತಾಳೆ ಆಗ್ತಿಲ್ಲ ಅಂತ ಎರಡು ದಿನ ತಲೆ ಕೆರ್ಕೊಂಡು ಆಮೇಲೆ ದಶಮಾಂಶನ ಇದ್ದಂಗೇ ಇಡೋ ಪೈಥಾನ್ ಡೆಸಿಮಲ್ ಮಾಡ್ಯೂಲ್‌ಗೆ ಬದಲಾಯಿಸಿದೆ, ಅಲ್ಲೂ 0.1ನ ಕೋಟ್ಸ್ ಒಳಗೆ ಕೊಡದೆ ಹಾಗೇ ಕೊಟ್ರೆ ಮತ್ತೆ ಅದೇ ಗೋಳು (ಇದನ್ನ ಕಲಿಯೋಕೆ ಇನ್ನೊಂದು ಸಂಜೆ ಹೋಯ್ತು).

ನಿಮ್ಮ ಟೆಕ್ ಪುಟದಲ್ಲಿ ಹೊಸ ಫೋನ್ ಬಿಟ್ಟು ಇಂಥದ್ದನ್ನೂ ಸ್ವಲ್ಪ ಬರೀರಿ.

ಇಂತಿ,
ಒಬ್ಬ ಓದುಗ