ಸ್ಟ್ಯಾಂಡ್ ಮಿಕ್ಸರ್ ಕೊಳ್ಳಲು ವ್ಯಾಟ್ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರಿಗೆ,

ಮನೆಯಲ್ಲಿ ಕೇಕು, ಬ್ರೆಡ್ಡು ಮಾಡಲು ತೊಡಗುವವರು ಎಂಥ ಸ್ಟ್ಯಾಂಡ್ ಮಿಕ್ಸರ್ (ಬಟ್ಟಲಿನ ಮೇಲೆ ಮೋಟರು ಕೂರಿಸಿದ, ಹಿಟ್ಟು ನಾದುವ, ಕ್ರೀಮು ಕಡೆಯುವ ಯಂತ್ರ) ಕೊಳ್ಳಬೇಕು ಎಂಬುದನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಲೇಖನವೊಂದು ಪ್ರಕಟವಾಗಿತ್ತು. ಅಳತೆ ಮತ್ತು ಓವನ್‌ನ ಶಾಖದ ಬಗ್ಗೆ ಅದರಲ್ಲಿದ್ದ ವಿವರಗಳು ಉಪಯುಕ್ತವಾಗಿದ್ದವು. ಆದರೆ ಸಾವಿರ ವ್ಯಾಟ್‌ಗಿಂತ ಕಡಿಮೆಯ ಯಂತ್ರವನ್ನು ನೋಡಲೇಬಾರದು ಎಂಬ ಅದರ ಮುಖ್ಯ ಸಲಹೆಯನ್ನು ಒಪ್ಪಲಾಗದು. ದಾವಣಗೆರೆಯಲ್ಲಿ ನೆರೆಹೊರೆಯ ಹೆಣ್ಣುಮಕ್ಕಳಿಗೆ ಬೇಕಿಂಗ್ ಹೇಳಿಕೊಡುತ್ತಿರುವ ನನ್ನ ಬಳಿ, ಇಂಥದೇ ಸಲಹೆಯನ್ನು ನಂಬಿ ಕೊಂಡ ಯಂತ್ರ ಬ್ರೆಡ್ ಹಿಟ್ಟಿಗೆ ಮುಗ್ಗರಿಸಿತೆಂದು ಹೇಳಿಕೊಂಡು ಬರುವವರು ಹೆಚ್ಚುತ್ತಿದ್ದಾರೆ. ಆದ್ದರಿಂದ ಈ ಪತ್ರ.

ಮಿಕ್ಸಿ ಕೊಳ್ಳುವಾಗ 500 ವ್ಯಾಟೋ 750 ವ್ಯಾಟೋ ಎಂದು ಕೇಳುವುದು ನಮಗೆಲ್ಲ ರೂಢಿ. ಚಟ್ನಿ ಅರೆಯುವ ಮಿಕ್ಸಿಗೆ ಆ ಪ್ರಶ್ನೆ ಸಲ್ಲುತ್ತದೆ, ಏಕೆಂದರೆ ಅದರ ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ವೇಗದಿಂದಲೇ ಕೆಲಸ ಮುಗಿಸುತ್ತದೆ. ಹಿಟ್ಟು ನಾದುವ ಕೊಕ್ಕೆಯಾದರೋ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಸುತ್ತುತ್ತ, ಜಿಗುಟು ಮುದ್ದೆಯನ್ನು ಎಳೆದು, ಮಡಚಿ, ಮತ್ತೆ ಎಳೆಯಬೇಕು; ಅಲ್ಲಿ ಬೇಕಾದದ್ದು ನಿಧಾನಗತಿಯಲ್ಲೂ ಸೋಲದ ತಿರುಚು ಬಲ. ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆಯು ಯಂತ್ರವು ವಿದ್ಯುತ್ ಜಾಲದಿಂದ ಎಷ್ಟು ಎಳೆದುಕೊಳ್ಳಬಲ್ಲದು ಎಂಬುದನ್ನು ಹೇಳುತ್ತದೆಯೇ ಹೊರತು, ಅದರಲ್ಲಿ ಎಷ್ಟು ಭಾಗ ಗೇರುಗಳನ್ನು ದಾಟಿ ಹಿಟ್ಟಿಗೆ ತಲುಪಿತು, ಎಷ್ಟು ಭಾಗ ಮೋಟರಿನಲ್ಲೇ ಬಿಸಿಯಾಗಿ ಕಳೆದುಹೋಯಿತು ಎಂಬುದನ್ನು ಹೇಳುವುದಿಲ್ಲ. ಅಗ್ಗದ ಯಂತ್ರಗಳಲ್ಲಿ ವೇಗ ತಗ್ಗಿಸಿದಾಗ ಮೋಟರಿಗೆ ಹೋಗುವ ವಿದ್ಯುತ್ತೇ ಕಡಿತಗೊಳ್ಳುವುದರಿಂದ, ನಾದುವ ಹೊತ್ತಿಗೆ ಪೆಟ್ಟಿಗೆಯ ಮೇಲಿನ ಸಂಖ್ಯೆ ಕೇವಲ ಅಲಂಕಾರವಾಗಿ ಉಳಿಯುತ್ತದೆ.

ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ಕಿಚನ್‌ಏಡ್‌ನ 4.8 ಲೀಟರ್ ಬಟ್ಟಲಿನ, ತಲೆ ಮೇಲೆತ್ತುವ ಪ್ರಸಿದ್ಧ ಮಾದರಿಯ ಮೋಟರು ಬರೀ 300 ವ್ಯಾಟಿನದು. ಕೆನ್‌ವುಡ್, ಬಾಷ್ ಕಂಪನಿಗಳ ಹಲವು ಯಂತ್ರಗಳ ಮೇಲೆ 900, 1000 ಎಂಬ ಅಂಕಿಗಳಿರುತ್ತವೆ. ಬ್ರೆಡ್ ಹಿಟ್ಟನ್ನು ಇವೆಲ್ಲವೂ ನಾದುತ್ತವೆ. ಆರೇಳು ಸಾವಿರ ರೂಪಾಯಿಗೆ ದೊರೆಯುವ, 1200 ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಎಷ್ಟೋ ಯಂತ್ರಗಳು ಅರ್ಧ ಕಿಲೋ ಹಿಟ್ಟಿಗೇ ಏದುಸಿರು ಬಿಡುತ್ತವೆ. ಲೇಖನದ ಸಲಹೆಯನ್ನು ಅಕ್ಷರಶಃ ಪಾಲಿಸಿದರೆ 300 ವ್ಯಾಟಿನ ಗಟ್ಟಿ ಯಂತ್ರವನ್ನು ಬಿಟ್ಟು 1200ರ ಸಡಿಲ ಯಂತ್ರವನ್ನು ಮನೆಗೆ ತರಬೇಕಾಗುತ್ತದೆ.

ಈ ಯಂತ್ರ ಹುಟ್ಟಿದ್ದೇ ಬ್ರೆಡ್ ಹಿಟ್ಟಿನಿಂದ. ಅಮೆರಿಕದ ಒಹಾಯೋ ಪ್ರಾಂತ್ಯದ ಹೊಬಾರ್ಟ್ ಕಂಪನಿಯಲ್ಲಿದ್ದ ಎಂಜಿನಿಯರ್ ಹರ್ಬರ್ಟ್ ಜಾನ್ಸ್‌ಟನ್ 1908ರ ಸುಮಾರಿನಲ್ಲಿ, ಬೇಕರಿಯವನೊಬ್ಬ ಸೌಟಿನಿಂದ ಹಿಟ್ಟು ಕಲೆಸಲು ಹೆಣಗುವುದನ್ನು ಕಂಡು ಇದರ ಕೆಲಸಕ್ಕೆ ಕೈಹಾಕಿದನೆಂದು ಹೇಳುತ್ತಾರೆ. ಮನೆಗಳಿಗೆಂದು ಸಣ್ಣ ಮಾದರಿ ಬಂದದ್ದು 1919ರಲ್ಲಿ. ಹಾಗಾಗಿ ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಒಂದು ಸಲಕ್ಕೆ ಎಷ್ಟು ಗ್ರಾಂ ಒಣಹಿಟ್ಟನ್ನು ಇದು ನಾದುತ್ತದೆ, ತಡೆಯಿಲ್ಲದೆ ಎಷ್ಟು ನಿಮಿಷ ನಾದುತ್ತದೆ ಎಂಬುದು. ಉತ್ತರ ಸಾಮಾನ್ಯವಾಗಿ ಯಂತ್ರದ ಜೊತೆಗಿರುವ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ ಪೆಟ್ಟಿಗೆ ಬಿಚ್ಚಿಸಿ ಓದಬೇಕು. ಕೆಲವು ಕೈಪಿಡಿಗಳಲ್ಲಿ ಕೆಲವೇ ನಿಮಿಷ ಓಡಿಸಿ, ಆಮೇಲೆ ಬಹಳ ಹೊತ್ತು ಆರಲು ಬಿಡಬೇಕೆಂದಿರುತ್ತದೆ. ಬ್ರೆಡ್ ಹಿಟ್ಟಿಗೆ ಎಂಟರಿಂದ ಹನ್ನೆರಡು ನಿಮಿಷದ ನಾದು ಬೇಕಾಗುವುದರಿಂದ, ಅಂಥ ಯಂತ್ರ ಕೇಕಿಗಷ್ಟೇ ಸೈ.

ಬಟ್ಟಲಿನ ವಿಷಯದಲ್ಲಿಯೂ ದೊಡ್ಡದೇ ಲೇಸು ಎಂಬ ತಪ್ಪು ತಿಳಿವಳಿಕೆ ಹಬ್ಬಿದೆ. ಏಳು ಲೀಟರಿನ ಬಟ್ಟಲಿಗೆ 200 ಮಿಲಿಲೀಟರ್ ಕ್ರೀಮ್ ಹಾಕಿದರೆ ತಂತಿಯ ಬೀಟರು ಅದರ ಮೇಲ್ಮೈಯನ್ನು ಸವರುತ್ತ ಹೋಗುತ್ತದೆಯೇ ವಿನಾ ಗಾಳಿ ತುಂಬುವುದಿಲ್ಲ. ನಾಲ್ಕೈದು ಜನರ ಮನೆಗೆ ನಾಲ್ಕೂವರೆಯಿಂದ ಐದು ಲೀಟರ್ ಹಿತವಾದ ಅಳತೆ. ಬೀಟರು ತನ್ನ ಸುತ್ತ ತಾನು ತಿರುಗುತ್ತಲೇ ಬಟ್ಟಲಿನ ಸುತ್ತಲೂ ಎದುರು ದಿಕ್ಕಿನಲ್ಲಿ ಚಲಿಸುವ ವ್ಯವಸ್ಥೆಯನ್ನು ಪ್ಲಾನೆಟರಿ ಎನ್ನುತ್ತಾರೆ. ಇಂದಿನ ಹೆಚ್ಚಿನ ಯಂತ್ರಗಳಲ್ಲಿ ಅದು ಇದ್ದೇ ಇದೆ. ಆದರೆ ಬೀಟರು ತಳಕ್ಕೆ ಎಷ್ಟು ಹತ್ತಿರ ಬರುತ್ತದೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ತಿರುಪಿನಿಂದ ಆ ಅಂತರವನ್ನು ಸರಿಪಡಿಸುವ ಅವಕಾಶವಿರುವ ಯಂತ್ರ ಒಳ್ಳೆಯದು; ಬಟ್ಟಲಿನಲ್ಲಿ ಒಂದು ನಾಣ್ಯ ಹಾಕಿ ನಿಧಾನವಾಗಿ ಓಡಿಸಿದಾಗ ಬೀಟರು ನಾಣ್ಯವನ್ನು ಸ್ವಲ್ಪ ಸ್ವಲ್ಪವೇ ಸರಿಸಿದರೆ ಅಂತರ ಸರಿಯಿದೆ ಎಂದರ್ಥ. ಹೊಳಪಿನ ಅಲ್ಯೂಮಿನಿಯಂ ಬೀಟರನ್ನು ಹುಣಸೆಹಣ್ಣು, ಪಾತ್ರೆ ಪುಡಿ ಹಾಕಿ ತಿಕ್ಕಿದರೆ ಅದು ಕಪ್ಪಿಟ್ಟು ಕಣಕಕ್ಕೂ ಬೂದು ಬಣ್ಣ ಹತ್ತುತ್ತದೆ. ಸ್ಟೀಲಿನದು ಸಿಕ್ಕರೆ ಅದನ್ನೇ ಆರಿಸುವುದು ಮೇಲು.

ಇಷ್ಟು ಹೇಳಿದ ಮೇಲೂ, ನಮ್ಮ ಊರಿನ ಬಹಳಷ್ಟು ಮನೆಗಳಿಗೆ ಈ ಯಂತ್ರದ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ದಾವಣಗೆರೆಯಲ್ಲಿ ಮೊಟ್ಟೆ ಮುಟ್ಟದ ಮನೆಗಳು ಅಸಂಖ್ಯ. ಅಲ್ಲಿ ಆಗುವ ಕೇಕು ಮೊಸರನ್ನೋ, ಮಂದಗೊಳಿಸಿದ ಸಿಹಿ ಹಾಲನ್ನೋ ಹಾಕಿ ಕಲೆಸಿ, ಅಡುಗೆ ಸೋಡಾದಿಂದ ಉಬ್ಬಿಸುವಂಥದು. ಮೊಟ್ಟೆಯ ಕೇಕಿನಲ್ಲಿ ಯಂತ್ರಕ್ಕೆ ದೊಡ್ಡ ಕೆಲಸವಿದೆ, ಏಕೆಂದರೆ ಮೊಟ್ಟೆ ಸಕ್ಕರೆಗಳನ್ನು ಬಹಳ ಹೊತ್ತು ಕಡೆದು ನೊರೆ ಎಬ್ಬಿಸಿದಷ್ಟೂ ಕೇಕು ಹಗುರವಾಗುತ್ತದೆ. ಮೊಸರು ಸೋಡಾದ ಹಿಟ್ಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಮೈದಾಕ್ಕೆ ನೀರಿನಂಶ ತಾಗಿದೊಡನೆ ಅದರ ಅಂಟು ಬೆಳೆಯತೊಡಗುತ್ತದೆ. ಸೋಡಾ ಮೊಸರಿನ ಹುಳಿಯೊಡನೆ ಸೇರಿದ ಕೂಡಲೇ ಗಾಳಿ ಬಿಡತೊಡಗುತ್ತದೆ. ಅಂಥ ಹಿಟ್ಟನ್ನು ಯಂತ್ರಕ್ಕೆ ಕೊಟ್ಟು ಐದು ನಿಮಿಷ ತಿರುಗಿಸಿದರೆ ಗಾಳಿಯೆಲ್ಲ ಹೋಗಿ, ಅಂಟು ಬಿಗಿದು, ಕೇಕು ರಬ್ಬರಿನ ಹಾಗೆ ಏಳುತ್ತದೆ. ಕೈಯ ವಿಸ್ಕ್‌ನಿಂದ, ಎಂದರೆ ತಂತಿಯ ಕಡೆಗೋಲಿನಿಂದ, ಒಂದು ನಿಮಿಷ ಕಲೆಸಿ, ಒಣಹಿಟ್ಟು ಕಾಣದಂತಾದ ಕೂಡಲೇ ನಿಲ್ಲಿಸುವುದೇ ಸರಿಯಾದ ಕ್ರಮ. ವಾರಕ್ಕೊಂದು ಮೊಟ್ಟೆಯಿಲ್ಲದ ಕೇಕು, ಮಕ್ಕಳ ಹುಟ್ಟುಹಬ್ಬಕ್ಕೆ ಸ್ವಲ್ಪ ಕ್ರೀಮು ಇಷ್ಟೇ ಬೇಕಿದ್ದವರಿಗೆ ಕೈಯಲ್ಲಿ ಹಿಡಿಯುವ ಹ್ಯಾಂಡ್ ಮಿಕ್ಸರ್ ಧಾರಾಳವಾಗಿ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಓವನ್ನು ಮತ್ತು ಗ್ರಾಂ ತೋರಿಸುವ ತಕ್ಕಡಿ ಬರುತ್ತವೆ.

ಹಾಗಾದರೆ ಇದನ್ನು ಯಾರು ಕೊಳ್ಳಬೇಕು? ವಾರಕ್ಕೆರಡು ಸಲ ಬ್ರೆಡ್ಡು, ಬನ್ನು ಮಾಡುವವರು, ಆರ್ಡರ್ ಹಿಡಿದು ಕೇಕು ಮಾಡುವವರು, ಮತ್ತು ಲೇಖನದಲ್ಲಿ ಪ್ರಸ್ತಾಪವೇ ಆಗದ ಒಂದು ವರ್ಗ, ಎಂದರೆ ಹಬ್ಬ ಬಂದಾಗ ಹೋಳಿಗೆ ಮಾಡುವವರು. ಚಿರೋಟಿ ರವೆ, ಮೈದಾ ಬೆರೆಸಿ ಸಡಿಲವಾಗಿ ಕಲೆಸಿ, ಎಣ್ಣೆ ಹಾಕುತ್ತ ರಟ್ಟೆ ಸೋಲುವ ತನಕ ನಾದಬೇಕಾದ ಕಣಕಕ್ಕೆ ಈ ಯಂತ್ರದ ಕೊಕ್ಕೆ ಹೇಳಿ ಮಾಡಿಸಿದ್ದು. ಎರಡನೆಯ ವೇಗ ದಾಟಿಸದೆ ನಾದಿ, ಅಂಟು ಕಟ್ಟಿದ ಮೇಲೆ ಎಣ್ಣೆಯನ್ನು ನಾಲ್ಕೈದು ಸಲವಾಗಿ ಹಾಕಬೇಕು. ಮೊದಲೇ ಸುರಿದರೆ ಹಿಟ್ಟು ಕೊಕ್ಕೆಗೆ ಸಿಕ್ಕದೆ ಜಾರುತ್ತದೆ. ಚಿಟಿಕೆಯಷ್ಟು ಕಣಕವನ್ನು ಬೆರಳುಗಳ ನಡುವೆ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ಸಾಕು, ಯಂತ್ರ ನಿಲ್ಲಿಸಬಹುದು. ಬ್ರೆಡ್ ಹಿಟ್ಟಿಗೂ ಇದೇ ಪರೀಕ್ಷೆ. ಜೋಳದ ರೊಟ್ಟಿಗೆ ಮಾತ್ರ ಯಂತ್ರದ ಮೋಹ ಬೇಡ. ಜೋಳದಲ್ಲಿ ಅಂಥ ಅಂಟು ಇಲ್ಲದ್ದರಿಂದ ಬಿಸಿನೀರು ಹಾಕಿ ಅಂಗೈಯಲ್ಲೇ ತಿಕ್ಕಿ ನಾದಬೇಕು.

ನಮ್ಮ ಬೇಸಿಗೆಯನ್ನೂ ಲೇಖನ ಗಣನೆಗೆ ತೆಗೆದುಕೊಂಡಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣತೆ 38, 40 ಡಿಗ್ರಿಯ ಹತ್ತಿರ ಹೋಗುವಾಗ, ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗಾಗಿಸಿ ಎಂಬ ಸೂಚನೆ ಅನರ್ಥಕ್ಕೆ ದಾರಿ. ಸಕ್ಕರೆಯೊಡನೆ ಕಡೆಯುವ ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿದ್ದರೆ ಗಾಳಿ ಹಿಡಿಯುತ್ತದೆ. ಕರಗಿದ ಬೆಣ್ಣೆಯಲ್ಲಿ ಎಷ್ಟು ತಿರುಗಿಸಿದರೂ ಗಾಳಿ ನಿಲ್ಲದು. ಬೆಣ್ಣೆದೋಸೆಯ ಊರಿನವರಾದ ನಾವು ಕೇಕಿಗೂ ಮನೆಯ ಬಿಳಿ ಬೆಣ್ಣೆಯನ್ನೇ ಬಳಸುತ್ತೇವೆ, ಅದು ಸಂತೋಷವೇ. ಆದರೆ ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ, ತಣ್ಣೀರಿನಲ್ಲಿ ತೊಳೆದು ಹಿಸುಕಿ ಮಜ್ಜಿಗೆಯೆಲ್ಲ ಬಿಡಿಸಿದ ಮೇಲೆ ತೂಗಿಕೊಳ್ಳಬೇಕು. ಕ್ರೀಮ್ ಕಡೆಯುವ ಮುನ್ನ ಬಟ್ಟಲು, ಬೀಟರುಗಳನ್ನು ಫ್ರೀಜರಿನಲ್ಲಿಟ್ಟು ತಣಿಸಬೇಕು. ಅಂಗಡಿಗಳಲ್ಲಿ ದೊರೆಯುವ ಶೇಕಡಾ 25ರಷ್ಟು ಕೊಬ್ಬಿನ ಅಡುಗೆ ಕ್ರೀಮು ಯಾವ ಯಂತ್ರದಲ್ಲಿಯೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಕನಿಷ್ಠ 30 ಇರಬೇಕು. ಇನ್ನು ಬ್ರೆಡ್ ಹಿಟ್ಟು ನಾದುವಾಗ ತಿಕ್ಕಾಟದಿಂದಲೇ ಅದರ ಬಿಸಿ ಏರುತ್ತದೆ. ನಾದಿದ ಹಿಟ್ಟು 24ರಿಂದ 27 ಡಿಗ್ರಿಯಲ್ಲಿರಬೇಕಾದರೆ ಬೇಸಿಗೆಯಲ್ಲಿ ಮಂಜುಗಡ್ಡೆ ಹಾಕಿದ ನೀರನ್ನೇ ಬಳಸಬೇಕು, ಇಲ್ಲವಾದರೆ ಓವನ್ ಕಾಯುವ ಮೊದಲೇ ಹಿಟ್ಟು ಹುಳಿದು ಕುಸಿಯುತ್ತದೆ.

ವಿದ್ಯುತ್ತಿನ ಬಗ್ಗೆ ಎರಡೇ ಮಾತು. ಸಾವಿರ ವ್ಯಾಟಿನ ಯಂತ್ರವೂ 230 ವೋಲ್ಟಿನಲ್ಲಿ ಸುಮಾರು 4.35 ಆಂಪಿಯರಿನಷ್ಟೇ ಎಳೆಯುವುದರಿಂದ ಮಾಮೂಲಿ ಆರು ಆಂಪಿಯರಿನ ಪ್ಲಗ್ ಸಾಕು, ಆದರೆ ಅರ್ಥಿಂಗ್ ಸರಿಯಿರಬೇಕು. ಬೆಸ್ಕಾಂ ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಇದನ್ನು ಓಡಿಸಿದರೆ ಮೋಟರು ಗುಂಯ್‌ಗುಟ್ಟಿ ಕಾಯುತ್ತದೆ. ಅಮೆರಿಕದಲ್ಲಿರುವ ಮಕ್ಕಳು ಪ್ರೀತಿಯಿಂದ ಹೊತ್ತು ತರುವ ಯಂತ್ರಗಳು ಇನ್ನೊಂದು ಬಗೆಯ ತೊಂದರೆ. ಅವು 120 ವೋಲ್ಟಿಗೆ ಮಾಡಿದವು; ಪಿನ್ನು ಬದಲಾಯಿಸಿ ನೇರವಾಗಿ ಇಲ್ಲಿನ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತವೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಯಂತ್ರದ ವ್ಯಾಟಿಗಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದು. ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದೆಂಬ ಭರವಸೆಯಿಲ್ಲ.

ರಿಪೇರಿಯ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ನಮ್ಮ ಬಡಾವಣೆಯ ಒಬ್ಬರ ಯಂತ್ರದ ಗೇರು ವಾರಂಟಿಯ ಅವಧಿಯಲ್ಲೇ ಸವೆದಾಗ, ಮಾರಿದ ಅಂಗಡಿಯವರು ಕಂಪನಿಯನ್ನು ತೋರಿಸಿದರು, ಕಂಪನಿಯವರು ಬೆಂಗಳೂರಿನ ಕೇಂದ್ರಕ್ಕೆ ತಂದುಕೊಡಿ ಎಂದರು. ಹತ್ತು ಕಿಲೋ ತೂಕದ ಯಂತ್ರವನ್ನು 260 ಕಿಲೋಮೀಟರ್ ಹೊತ್ತೊಯ್ಯುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ವಿಳಾಸ, ತಯಾರಾದ ದೇಶ, ದೂರು ಸಲ್ಲಿಸಲು ಸಂಪರ್ಕ ಇವೆಲ್ಲ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಹೇಳುತ್ತವೆ. ಇವು ಕಾಣದ ಯಂತ್ರವನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ತೊಂದರೆಯಾದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿ ಎಲ್ಲೇ ಇದ್ದರೂ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪುರವಣಿಯು ಮುಂದೆ ಇಂಥ ಯಂತ್ರಗಳ ಹೋಲಿಕೆ ಪಟ್ಟಿ ಪ್ರಕಟಿಸುವಾಗ, ವ್ಯಾಟಿನ ಅಂಕಣದ ಪಕ್ಕದಲ್ಲಿ ಒಂದು ಸಲಕ್ಕೆ ನಾದಬಲ್ಲ ಹಿಟ್ಟಿನ ತೂಕ, ತಡೆಯಿಲ್ಲದೆ ಓಡಬಲ್ಲ ನಿಮಿಷ ಮತ್ತು ದಾವಣಗೆರೆ, ಚಿತ್ರದುರ್ಗದಂಥ ಊರುಗಳಿಗೆ ಅತಿ ಹತ್ತಿರದ ಸರ್ವೀಸ್ ಸೆಂಟರ್ ಎಲ್ಲಿದೆ ಎಂಬ ಮೂರು ಅಂಕಣಗಳನ್ನು ಸೇರಿಸಬೇಕು. ನಮ್ಮೂರಿನ ಗೃಹೋಪಯೋಗಿ ಸಾಮಾನಿನ ಅಂಗಡಿಯವರು ಕೂಡ ಯಂತ್ರವನ್ನು ಖಾಲಿ ಬಟ್ಟಲಿನಲ್ಲಿ ಗಿರ್ರೆನಿಸಿ ತೋರಿಸುವ ಬದಲು, ಅರ್ಧ ಕಿಲೋ ಮೈದಾ ಕಲೆಸಿ ಹತ್ತು ನಿಮಿಷ ಗಿರಾಕಿಗಳ ಎದುರಿಗೇ ನಾದಿಸಿ ತೋರಿಸಲಿ.

ಇತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು,
ವಿದ್ಯಾನಗರ, ದಾವಣಗೆರೆ