ಹೆಸರು ಕೇಳದೆ ಉಳಿದ ಹಿರಿಯರಿಗೆ

ಕಳೆದ ಭಾನುವಾರ ತಿಪಟೂರಿನ ಹೊರಗಿನ ಹೋಟೆಲೊಂದರ ಮುಂದೆ, ನನ್ನ ಹಳೆಯ ಕಾರಿನ ಸ್ಟೀರಿಯೊದ ಗೋಳನ್ನು ಕೇಳಿ, ತಮ್ಮ ಕಾರಿನ ಡಿಕ್ಕಿಯಿಂದ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದ ತಮಗೆ ನಾನು ಋಣಿಯಾಗಿದ್ದೇನೆ. ಆಕ್ಸಿಲರೇಟರ್ ಒತ್ತಿದಷ್ಟೂ ಏರುತ್ತಿದ್ದ ಕೀರಲು ದನಿಗೆ ಸ್ಪೀಕರುಗಳೇ ಕಾರಣವೆಂದು ನಂಬಿ ಎರಡನ್ನು ಆಗಲೇ ಬದಲಾಯಿಸಿದ್ದೆ. ಆ ಖರ್ಚಿನ ಮಾತು ಬೇಡ. ಎಂಜಿನ್ನಿನ ವೇಗದೊಂದಿಗೆ ಏರಿಳಿಯುವ ಸದ್ದು ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನದು, ಅದು ಒಳನುಗ್ಗುವ ದಾರಿ ಹೆಚ್ಚಾಗಿ ಸರಿಯಿಲ್ಲದ ಅರ್ತಿಂಗ್, ಅಂದರೆ ಕಾರಿನ ಲೋಹದ ಮೈಗೆ ತಂತಿ ಕೂಡುವ ಜಾಗ, ಎಂದು ವಿವರಿಸಿದ ತಾವು, ಎಂಜಿನ್ ಓಡುತ್ತಿರುವಾಗಲೇ, ಹಾಡು ಹಾಕಿಟ್ಟು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಸ್ಟೀರಿಯೊದ ಅರ್ತಿಂಗಿನ ಕಪ್ಪು ತಂತಿಗೂ ಹಿಡಿದಿರಿ. 0.1 ವೋಲ್ಟಿನ ಆಸುಪಾಸಿನಲ್ಲಿ ಇರಬೇಕಾದದ್ದು 0.7 ತೋರಿಸಿತು. ಹುಡುಕಿದರೆ, ಆ ತಂತಿಯ ತುದಿಯ ರಿಂಗನ್ನು ಯಾರೋ ಬಣ್ಣ ಬಳಿದ ತಗಡಿನ ಮೇಲೆಯೇ ಬಿಗಿದಿದ್ದರು; ವಿದ್ಯುತ್ ಹರಿಯಲು ಆ ಬಣ್ಣವೇ ಅಡ್ಡವಾಗಿತ್ತು. ತಾವು ಚಾಕುವಿನ ಮೊನೆಯಿಂದ ಬಣ್ಣವನ್ನು ಕೆರೆದು, ತಗಡು ಬೆಳ್ಳಗೆ ಹೊಳೆದ ಮೇಲೆ ರಿಂಗನ್ನು ಕೂರಿಸಿ ಸ್ಕ್ರೂ ತಿರುಗಿಸಿದಿರಿ. ಕೀರಲು ಅಲ್ಲಿಗೇ ನಿಂತಿತು. ಫ್ಯೂಸಿನ ಜಾಗದಲ್ಲಿ ಸಿಕ್ಕಿಸಿದ್ದ ತಂತಿಯ ತುಂಡನ್ನು ಕಿತ್ತೆಸೆದು, 10 ಆಂಪಿಯರಿನ ಫ್ಯೂಸನ್ನೇ ಹಾಕಿಕೊಟ್ಟದ್ದು ನಾನು ಕೇಳದೆಯೇ ದೊರೆತ ಉಪಕಾರ. ಹಣ ಕೊಡಲು ಬಂದರೆ ಒಂದು ಲೋಟ ಕಾಫಿ ಸಾಕೆಂದಿರಿ. ನಾನು ಬಿಲ್ಲು ಕಟ್ಟಿ ಹೊರಬರುವಷ್ಟರಲ್ಲಿ ತಾವು ಅರಸೀಕೆರೆಯ ಕಡೆಗೆ ಹೊರಟಾಗಿತ್ತು.