ಚಕ್ರ ತರಿಸುವ ಮೊದಲು ನೆಲ ನೋಡು

ತೀರ್ಥಹಳ್ಳಿ

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ರಿಮೋಟಿನಲ್ಲಿ ಹಾರಿಸಲು ನೀನು ಕಟ್ಟಿದ ಪುಟ್ಟ ವಿಮಾನದ ಫೋಟೊ, ಅಳತೆ, ಅದಕ್ಕೆ ತರಿಸಬೇಕೆಂದಿರುವ ಚಕ್ರ ಎಲ್ಲ ನೋಡಿದೆ. ರೆಕ್ಕೆ 1 ಮೀಟರ್, ಬ್ಯಾಟರಿ ಸೇರಿ 450 ಗ್ರಾಂ, 8 ಇಂಚಿನ ಪ್ರಾಪ್ (ಮೂಗಿನ ಪ್ರೊಪೆಲ್ಲರ್), ಫೋಮ್ ಬೋರ್ಡಿನ ಮೈ. ಹೊಸದಾಗಿ ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಕಪ್ಪು ರಬ್ಬರ್ ಟೈರಿನ, ನಡುವೆ ಬೆಳ್ಳಿ ಬಣ್ಣದ ಬಿಲ್ಲೆ (ಹಬ್) ಇರುವ ಚಕ್ರಗಳಿವೆಯಲ್ಲ, ಅವನ್ನು ಮಾತ್ರ ತರಿಸಬೇಡ. ನೋಡಲು ಚೆಂದ ನಿಜ. ಶೋಕೇಸಿನಲ್ಲಿ ಇಡುವ ವಿಮಾನಕ್ಕಾದರೆ ಹಾಕಬಹುದಿತ್ತು.

ಒಂದೊಂದು 24 ಗ್ರಾಂ ಎಂದು ನೀನೇ ಬರೆದಿದ್ದೀಯ. ಅದೇ ಅಳತೆಯ ಫೋಮ್ ಚಕ್ರ 6 ಗ್ರಾಮಿನಲ್ಲಿ ಮುಗಿಯುತ್ತದೆ. ಜೋಡಿಗೆ 36 ಗ್ರಾಂ ವ್ಯತ್ಯಾಸ, ಅಂದರೆ ವಿಮಾನದ ತೂಕದಲ್ಲಿ ನೂರಕ್ಕೆ 8. ಹಾರಲು ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲದ ಲೆಕ್ಕದಲ್ಲಿ ಏರುವುದರಿಂದ ಅದು ಹೆಚ್ಚುವುದು ನೂರಕ್ಕೆ 4 ಅಷ್ಟೆ. ಅಷ್ಟರಿಂದಲೇ ವಿಮಾನ ಬೀಳುವುದಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಇಳಿಯುವಾಗ ನೆಲ ತಾಗಿ ಪುಟಿದರೆ ತುದಿಯಲ್ಲಿರುವ ತೂಕ ಚಕ್ರ ಹೊತ್ತ ಕಾಲಿನ ತಂತಿಯನ್ನು ಹಿಂದೆ ಮುಂದೆ ಒಲೆದಾಡಿಸುತ್ತದೆ. ನಾಲ್ಕಾರು ಸಲ ಹಾಗಾದರೆ ತಂತಿ ಕೂತ ಜಾಗದಲ್ಲಿ ಫೋಮ್ ಬೋರ್ಡ್ ಪುಡಿಯಾಗಿ ಬುಡವೇ ಕಿತ್ತುಬರುತ್ತದೆ.

ತೂಕಕ್ಕಿಂತ ದೊಡ್ಡ ವಿಚಾರ ಚಕ್ರದ ವ್ಯಾಸ. ಅದನ್ನು ನಿರ್ಧರಿಸುವುದು ನೀನು ಹಾರಿಸುವ ನೆಲ. 450 ಗ್ರಾಂ ಪೂರ್ತಿ ಮುಂದಿನ ಎರಡು ಚಕ್ರದ ಮೇಲಿದೆ, ಎರಡೂ ಒಟ್ಟಿಗೆ 5 ಮಿ.ಮೀ. ಎತ್ತರದ ಹೆಂಟೆಗೆ ತಾಗಿ ನಿಂತಿವೆ ಅಂತ ಇಟ್ಟುಕೋ. 30 ಮಿ.ಮೀ. ವ್ಯಾಸದ ಚಕ್ರ ಅದನ್ನು ಹತ್ತಲು ಸುಮಾರು 500 ಗ್ರಾಂ ಎಳೆತ ಬೇಕು. 60 ಮಿ.ಮೀ. ಚಕ್ರವಾದರೆ 300 ಗ್ರಾಂ ಸಾಕು. ನಿನ್ನ ಮೋಟರು 400 ಗ್ರಾಂ ಎಳೆಯುತ್ತದೆ ಎಂದಿದ್ದೀಯ. ಸಣ್ಣ ಚಕ್ರ ಹಾಕಿದರೆ ಪೂರ್ತಿ ಥ್ರಾಟಲ್ ಕೊಟ್ಟರೂ ಅಲ್ಲೇ ನಿಂತು ಒದ್ದಾಡುತ್ತದೆ. ಓಡುತ್ತಿರುವಾಗ ಹೆಂಟೆ ಸಿಕ್ಕರಂತೂ ಚಕ್ರ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ, ಮೂಗು ಮಣ್ಣಿಗೆ, ಪ್ರಾಪ್ ಎರಡು ತುಂಡು.

ಹಾಗಾಗಿ ಅಡಿಕೆ ಒಣಗಿಸುವ ಅಂಗಳ, ಸಮುದಾಯ ಭವನ, ಟಾರು ರಸ್ತೆಗೆ 40 ಮಿ.ಮೀ. ಸಾಕು. ಶಾಲೆ ಮೈದಾನದಲ್ಲಿ ಜಂಬಿಟ್ಟಿಗೆಯ ಹರಳು ಇದ್ದೇ ಇರುತ್ತದೆ, ಅಲ್ಲಿಗೆ 55ರಿಂದ 60. ದನ ಮೇಯ್ದು ಗಿಡ್ಡವಾದ ಬೇಣದ ಹುಲ್ಲಿಗೆ 65, ಬೇಕಾದರೆ 70. ಕೊಯ್ಲಾದ ಗದ್ದೆಗೆ? ಯಾವ ಚಕ್ರವೂ ಬೇಡ. ಕೂಳೆಯ ನಡುವೆ ಎಂಥ ಚಕ್ರವಾದರೂ ಸಿಕ್ಕಿಬೀಳುತ್ತದೆ. ಅಲ್ಲಿ ಲ್ಯಾಂಡಿಂಗ್ ಗೇರನ್ನೇ (ಚಕ್ರ, ತಂತಿ ಸೇರಿದ ಕಾಲು) ಕಳಚಿಡು, ಹೊಟ್ಟೆಯಡಿಗೆ ಅಗಲದ ಪ್ಯಾಕಿಂಗ್ ಟೇಪ್ ಎರಡು ಪದರ ಅಂಟಿಸು, ಪ್ರಾಪನ್ನು ರಬ್ಬರ್ ರಿಂಗಿನ ಪ್ರಾಪ್ ಸೇವರಿಗೆ (ನೆಲ ತಾಗಿದರೆ ಪ್ರಾಪ್ ಮುರಿಯದೆ ವಾಲುವಂತೆ ಹಿಡಿಯುವ ಕೊಂಡಿ) ಕಟ್ಟಿ ಕೈಯಿಂದ ಎಸೆ. ಗದ್ದೆಯ ಬದಿಯ ಹುಲ್ಲಿನ ಮೇಲೆ ಹೊಟ್ಟೆಯಲ್ಲೇ ಇಳಿಸು. ನಮ್ಮ ಕಡೆ ಮುಕ್ಕಾಲು ಪಾಲು ಜಾಗಕ್ಕೆ ಇದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ನಿನಗೆ ನೆಲದಿಂದಲೇ ಏರಿಸುವ ಆಸೆ ಇದೆ, ಗೊತ್ತು.

40ರ ಚಕ್ರ ತೆಗೆದು 60 ಹಾಕಿದರೆ ಮೂಗು 20 ಮಿ.ಮೀ. ಎತ್ತರವಾಗುತ್ತದೆ ಅಂತ ಹಲವರು ಎಣಿಸುತ್ತಾರೆ. ಏರುವುದು ಅರ್ಧ, ಬರೀ 10. ನಿನ್ನ ಪ್ರಾಪಿನ ಅರೆವ್ಯಾಸ 102 ಮಿ.ಮೀ. ಬಾಲ ಎತ್ತಿ ಮೈ ಸಮವಾಗಿ ಹಿಡಿದಾಗ ಮೋಟರಿನ ಶಾಫ್ಟ್ ನೆಲದಿಂದ 130 ಇರಬೇಕು. ಕಡಿಮೆ ಬಿದ್ದರೆ ತಂತಿ ಉದ್ದ ಮಾಡು, ಅದಕ್ಕಾಗಿ ಚಕ್ರ ದೊಡ್ಡದು ಮಾಡಬೇಡ. ಚಕ್ರದ ಜಾಗವೂ ಅಷ್ಟೇ ಮುಖ್ಯ. ನಿನ್ನದು ಬಾಲಚಕ್ರದ ವಿಮಾನ, ಆಕ್ಸಲ್ (ಚಕ್ರದ ಅಚ್ಚು) ರೆಕ್ಕೆಯ ಮುಂದಂಚಿನ ನೇರ ಕೆಳಗಿರಲಿ. ಹುಲ್ಲಿನಲ್ಲಿ ಹಾರಿಸುವುದಾದರೆ ಇನ್ನೂ 10-15 ಮಿ.ಮೀ. ಮುಂದೆ. ಅದಕ್ಕಿಂತ ಹಿಂದೆ ಹೋದರೆ ಮುಗ್ಗರಿಸುತ್ತದೆ. ಮೇಲಿಂದ ನೋಡಿದಾಗ ಎರಡೂ ಚಕ್ರದ ಮುಂಬದಿ ತುಸು ಒಳಕ್ಕೆ ತಿರುಗಿರಲಿ, ಹೊರಕ್ಕೆ ಮಾತ್ರ ಬೇಡ. ಬಾಲಚಕ್ರ 20 ಮಿ.ಮೀ., 2 ಗ್ರಾಮಿನೊಳಗೆ. ಬಾಲದಲ್ಲಿ 1 ಗ್ರಾಂ ಸೇರಿಸಿದರೆ ಮೂಗಿನಲ್ಲಿ ಎರಡು ಮೂರು ಗ್ರಾಂ ಸೀಸ ತುಂಬಬೇಕಾಗುತ್ತದೆ.

ಫೋಮಿನಲ್ಲೂ ಎರಡು ಜಾತಿ. ಪಾತ್ರೆ ತಿಕ್ಕುವ ಸ್ಪಂಜಿನ ಹಾಗೆ ತೂತು ತೂತಾಗಿರುವುದು ಬೆಳಗಿನ ಇಬ್ಬನಿಯನ್ನೆಲ್ಲ ಹೀರಿ ಭಾರವಾಗುತ್ತದೆ, ಕೆಮ್ಮಣ್ಣು ಒಳಗೆ ಕೂತರೆ ತೊಳೆದರೂ ಬಿಡುವುದಿಲ್ಲ. ಮಲೆನಾಡಿಗೆ ಇ.ವಿ.ಎ. ಫೋಮೇ ಸರಿ, ಅದು ನೀರು ಕುಡಿಯುವುದಿಲ್ಲ. ಅಂಗಡಿಯದೇ ಬೇಕೆಂದಿಲ್ಲ. ಮಕ್ಕಳು ಆಡಲು ನೆಲಕ್ಕೆ ಜೋಡಿಸುವ ಬಣ್ಣದ ಮ್ಯಾಟ್ ಇದೆಯಲ್ಲ, 10 ಮಿ.ಮೀ. ದಪ್ಪದ್ದು, ಅದರ ಒಂದೇ ತುಂಡಿನಲ್ಲಿ ನಾಲ್ಕಾರು ಜೊತೆ ಚಕ್ರ ಬರುತ್ತವೆ.

ಮಾಡುವುದು ಹೀಗೆ. ಕೈವಾರದಲ್ಲಿ 64 ಮಿ.ಮೀ. ವ್ಯಾಸದ ವೃತ್ತ ಎಳೆದು ಹೊಸ ಬ್ಲೇಡಿನಲ್ಲಿ ಕತ್ತರಿಸು. ನಡುವೆ 3 ಮಿ.ಮೀ. ತೂತು ಮಾಡಿ ಎಂ3 ಬೋಲ್ಟ್ ಹಾಕಿ, ಎರಡೂ ಬದಿ ಅಗಲ ವಾಷರ್ ಇಟ್ಟು ನಟ್ ಬಿಗಿ ಮಾಡು. ಬೋಲ್ಟನ್ನು ಡ್ರಿಲ್ಲಿಗೆ ಕಚ್ಚಿಸಿ ನಿಧಾನ ತಿರುಗಿಸುತ್ತ, ಹಲಗೆಗೆ ಅಂಟಿಸಿದ 120ರ ಉಪ್ಪುಕಾಗದವನ್ನು ಮೆಲ್ಲಗೆ ತಾಗಿಸು, 60ಕ್ಕೆ ಬರುವವರೆಗೆ. ಒತ್ತಿ ಹಿಡಿದರೆ ಫೋಮ್ ಬಿಸಿಯಾಗಿ ಹರಿದು ಮೊಟ್ಟೆಯಾಕಾರ ಆಗುತ್ತದೆ. ಕೊನೆಗೆ ಅಂಚಿನ ಎರಡೂ ಮೂಲೆ ಉರುಟು ಮಾಡು. ಚೂಪು ಅಂಚು ಹುಲ್ಲು ಹಿಡಿಯುತ್ತದೆ.

ಇಷ್ಟಕ್ಕೇ ತಂತಿಗೆ ಹಾಕಿಬಿಟ್ಟರೆ ತೂತು ದೊಡ್ಡದಾಗಿ ಚಕ್ರ ಓಲಾಡಲು ಶುರು ಮಾಡುತ್ತದೆ. ಹಬ್ ಬೇಕೇ ಬೇಕು. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ 25 ಮಿ.ಮೀ. ಬಿಲ್ಲೆ ಚಕ್ರಕ್ಕೆ ಎರಡರಂತೆ ಕತ್ತರಿಸಿ ನಡುವೆ ತೂತು ಮಾಡು. ಒಳಗೆ ತಂತಿ ತಿರುಗಲು ಒಂದು ಕೊಳವೆ ಬೇಕು, ಅದೇ ಬುಷ್. ಬುಷ್‌ಗೆ ಖಾಲಿ ಬಾಲ್‌ಪೆನ್ ರೀಫಿಲ್, ಸ್ಪಿರಿಟ್ಟಿನಲ್ಲಿ ಶಾಯಿ ತೊಳೆದದ್ದು. 2 ಮಿ.ಮೀ. ತಂತಿ ಅದರೊಳಗೆ ಸಲೀಸಾಗಿ ತಿರುಗಬೇಕು, ಆದರೆ ಗಡಗಡ ಅನ್ನಬಾರದು. ಅಂಗಡಿಗೆ ಹೋಗುವಾಗ ತಂತಿ ತುಂಡು ಕೈಯಲ್ಲಿರಲಿ, ತೂರಿಸಿ ನೋಡಿಯೇ ಆರಿಸು. ರೀಫಿಲ್ ತುಂಡು ಎರಡೂ ಬದಿ 1 ಮಿ.ಮೀ. ಹೊರಗಿರುವಂತೆ ಕತ್ತರಿಸಿ, ಬಿಲ್ಲೆಗಳನ್ನು ಅರಾಲ್ಡೈಟಿನಿಂದ ಅಂಟಿಸಿ, ರಾತ್ರಿಯಿಡೀ ಪುಸ್ತಕದ ಭಾರ ಹೇರು. ಪೂರ್ತಿ ಚಕ್ರ 5 ಗ್ರಾಂ ಆಸುಪಾಸು ತೂಗುತ್ತದೆ.

ಕಾಲಿಗೆ ಪಿಯಾನೋ ತಂತಿ (ಗಟ್ಟಿ ಸ್ಪ್ರಿಂಗ್ ಉಕ್ಕಿನದು) ಸಿಗದಿದ್ದರೆ ಸೈಕಲ್ ಶಾಪಿನ 2 ಮಿ.ಮೀ. ಸ್ಪೋಕ್ ಕಡ್ಡಿ ತಾ. ಅಷ್ಟು ಸ್ಪ್ರಿಂಗ್ ಇಲ್ಲ, ಬಾಗಿದರೆ ಕೈಯಲ್ಲೇ ನೆಟ್ಟಗೆ ಮಾಡಬಹುದು. ಅದರಲ್ಲೊಂದು ಅನುಕೂಲವಿದೆ: ಥ್ರೆಡ್ ಇರುವ ತುದಿಯನ್ನು ಆಕ್ಸಲ್ ಮಾಡಿಕೊಂಡರೆ ಅದರದ್ದೇ ನಿಪ್ಪಲ್ (ಸ್ಪೋಕ್ ತುದಿಯ ನಟ್) ಚಕ್ರ ಹೊರಬರದಂತೆ ತಡೆಯುತ್ತದೆ, ಕಾಲರ್, ಗ್ರಬ್ ಸ್ಕ್ರೂ ಯಾವುದೂ ಬೇಡ. ಚಕ್ರಕ್ಕೂ ನಿಪ್ಪಲ್ಲಿಗೂ ನಡುವೆ ಅರ್ಧ ಮಿ.ಮೀ. ಸಂದು ಬಿಟ್ಟು, ಥ್ರೆಡ್ಡಿಗೆ ಒಂದು ಹನಿ ನೇಲ್ ಪಾಲಿಶ್ ಹಾಕು. ಸೂಪರ್ ಗ್ಲೂ ಬೇಡ ಮಾರಾಯ್ತಿ, ಅದು ಸಂದಿನಲ್ಲಿ ಹರಿದು ಬುಷ್ಷನ್ನೇ ತಂತಿಗೆ ಕಚ್ಚಿಸಿಬಿಡುತ್ತದೆ. ಮಳೆಗಾಲದಲ್ಲಿ ಆಕ್ಸಲ್ ತುಕ್ಕು ಹಿಡಿಯದೆ ಇರುವುದಿಲ್ಲ. ವಾರಕ್ಕೊಮ್ಮೆ ಒರೆಸಿ ಹೊಲಿಗೆ ಮಷೀನಿನ ಎಣ್ಣೆ ಹಚ್ಚು.

ಇಳಿಯುವಾಗ ಕುಪ್ಪಳಿಸಿದರೆ ಚಕ್ರವನ್ನು ಬೈಯಬೇಡ. ವೇಗ ಹೆಚ್ಚಿದ್ದಿರಬೇಕು, ಇಲ್ಲವೇ ತಂತಿ ತೀರಾ ಸಪೂರವಿರಬೇಕು.

ಎಲ್ಲ ಜೋಡಿಸಿದ ಮೇಲೆ ಲಗೇಜು ತೂಗುವ ಕೊಕ್ಕೆ ತಕ್ಕಡಿ ತೆಗೆದುಕೊಂಡು ಮೈದಾನಕ್ಕೆ ಹೋಗು. ಬಾಲಕ್ಕೆ ದಾರ ಕಟ್ಟಿ, ನೀನು ಹಿಂದೆ ನಿಂತು, ಪೂರ್ತಿ ಥ್ರಾಟಲಿನಲ್ಲಿ ಎಷ್ಟು ಎಳೆಯುತ್ತದೆ ಬರೆದುಕೋ. ಆಮೇಲೆ ಬ್ಯಾಟರಿಯ ವೈರ್ ಮಾತ್ರ ಬಿಚ್ಚಿ (ಬ್ಯಾಟರಿ ಇದ್ದಲ್ಲೇ ಇರಲಿ), ಪ್ರಾಪ್ ತೆಗೆದು, ದಾರವನ್ನು ಲ್ಯಾಂಡಿಂಗ್ ಗೇರಿನ ಬುಡಕ್ಕೆ ಕಟ್ಟಿ ಮೆಲ್ಲಗೆ ಮುಂದಕ್ಕೆ ಎಳೆ. ಈ ಎರಡನೆಯ ಅಂಕಿ ಮೊದಲಿನದರ ಕಾಲು ಭಾಗದೊಳಗಿದ್ದರೆ ಸಲೀಸಾಗಿ ಏರುತ್ತದೆ. ಅರ್ಧ ಮುಟ್ಟಿದರೆ ಮೈದಾನ ಮುಗಿದರೂ ಏರಲಿಕ್ಕಿಲ್ಲ. ಚಕ್ರ ಇನ್ನೊಂದು ಸೈಜ್ ದೊಡ್ಡದು ಮಾಡು.

ರಜೆಗೆ ಶಿವಮೊಗ್ಗಕ್ಕೆ ಹೋದಾಗ ವಿಮಾನ ಒಯ್ಯುವುದಾದರೆ ಸೋಗಾನೆ ಕಡೆ ಹಾರಿಸಬೇಡ. 2023ರ ಫೆಬ್ರುವರಿಯಿಂದ ಅಲ್ಲಿ ನಿಜವಾದ ವಿಮಾನಗಳ ನಿಲ್ದಾಣವಿದೆ. ಬೇರೆ ಜಾಗವಾದರೂ ಡಿಜಿಟಲ್ ಸ್ಕೈ ಎಂಬ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವೇ ಎಂದು ನೋಡಿಕೊಂಡೇ ಹೊರಡು.

ಆ ಎರಡು ಅಂಕಿ ಸಿಕ್ಕ ಕೂಡಲೇ ಬರೆದು ತಿಳಿಸು.

ಇತಿ,
ನಿನ್ನ ದೊಡ್ಡಪ್ಪ